ಕೆರೆನೀರು, ಕ್ಲೋರಿನ್, ಕ್ಲೋರೋಫಾರಂ: ಚಿಕ್ಕಬಳ್ಳಾಪುರ ಸೀಮೆಯ ಮಟ್ಟಿಗೆ ಒಂದು ಟಿಪ್ಪಣಿ

ಚಿಕ್ಕಬಳ್ಳಾಪುರ ಜಿಲ್ಲೆಯ ಕುಡಿಯುವ ನೀರಿನ ಮಾತು ಬಂದರೆ ಮೊದಲು ಫ್ಲೋರೈಡ್, ಈಚೆಗೆ ಯುರೇನಿಯಂ. ಎರಡೂ ಬಂಡೆಯಿಂದ ಕೊಳವೆಬಾವಿಗೆ ಇಳಿದವು. ನೀರನ್ನು ಶುದ್ಧಗೊಳಿಸುವಾಗಲೇ ಹುಟ್ಟುವ ಟ್ರೈಹ್ಯಾಲೊಮೀಥೇನ್‌ಗಳ ಕಡೆಗೂ ಈಗ ಗಮನ ಹರಿಯಬೇಕು.

ಕೊಳೆತ ಎಲೆ, ಪಾಚಿ, ಕೆಸರಿನಿಂದ ನೀರಿಗೆ ಕರಗಿದ ಸಾವಯವ ಅಂಶಕ್ಕೆ ಕ್ಲೋರಿನ್ ತಗುಲಿದರೆ ಕ್ಲೋರೋಫಾರಂ, ಬ್ರೋಮೊಡೈಕ್ಲೋರೋಮೀಥೇನ್ ಮೊದಲಾದ ಟ್ರೈಹ್ಯಾಲೊಮೀಥೇನ್‌ಗಳು ಉಂಟಾಗುತ್ತವೆ. ಡಚ್ ವಿಜ್ಞಾನಿ ಯೋಹಾನೆಸ್ ರೋಕ್ ಇದನ್ನು 1974ರಲ್ಲಿ ತೋರಿಸಿಕೊಟ್ಟರು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಎರಡನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದವುಗಳ 2ಬಿ ಗುಂಪಿನಲ್ಲಿಟ್ಟಿತು. ನಮ್ಮ ಐಎಸ್ 10500 ಮಾನಕ (2012) ಲೀಟರಿಗೆ ಕ್ಲೋರೋಫಾರಂ 0.2 ಮಿಲಿಗ್ರಾಂ, ಬ್ರೋಮೊಡೈಕ್ಲೋರೋಮೀಥೇನ್ 0.06 ಮಿಲಿಗ್ರಾಂ ಮೀರಬಾರದೆನ್ನುತ್ತದೆ.

ಆಳದ ಕೊಳವೆಬಾವಿಯ ನೀರಿನಲ್ಲಿ ಸಾವಯವ ಅಂಶ ಸಾಮಾನ್ಯವಾಗಿ ಕಡಿಮೆ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ ಪಟ್ಟಣಗಳಿಗೆ ನೀರು ಕೊಡುವ ಜಕ್ಕಲಮಡುಗು ಜಲಾಶಯದಂಥ ಮೇಲ್ಮೈ ನೀರಿನ ಲೆಕ್ಕ ಬೇರೆ. ಬೇಸಿಗೆಯಲ್ಲಿ ನೀರು ತಳ ಕಂಡಾಗ ಪಾಚಿ, ಕೆಸರು ಹೆಚ್ಚುತ್ತವೆ. ಕ್ಲೋರಿನ್ ಸಹ ಹೆಚ್ಚು ಬೇಕಾಗುತ್ತದೆ. ನೀರಿನ ಬಿಸಿ ಈ ಕ್ರಿಯೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ.

ಹಳ್ಳಿಗಳಲ್ಲಿ ವಾಟರ್‌ಮನ್ ಬ್ಲೀಚಿಂಗ್ ಪೌಡರನ್ನು ಬಕೆಟ್‌ನಲ್ಲಿ ಕಲಸಿ, ತಿಳಿಯನ್ನು ಓವರ್‌ಹೆಡ್ ಟ್ಯಾಂಕಿಗೆ ಸುರಿಯುತ್ತಾನೆ. ನಲ್ಲಿ ನೀರಿಗೆ ಕ್ಲೋರೋಸ್ಕೋಪಿನ ದ್ರಾವಣ ಹನಿಸಿದಾಗ ಹಳದಿ ಬಣ್ಣ ಬಂದರೆ ಕ್ಲೋರಿನ್ ಉಳಿದಿದೆ ಎಂದರ್ಥ. ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕು. ಆದರೆ ಬಳಕೆಯಾದ ಕ್ಲೋರಿನ್ ಏನಾಗಿ ಮಾರ್ಪಟ್ಟಿತೆಂದು ಆ ಹಳದಿ ಹೇಳಲಾರದು. ಅದಕ್ಕೆ ಗ್ಯಾಸ್ ಕ್ರೊಮಟೋಗ್ರಾಫ್ ಬೇಕು. ಮಾದರಿ ಹಿಡಿಯುವ ಕ್ರಮವೂ ಬೇರೆ. ಕ್ಲೋರೋಫಾರಂ ಗಾಳಿಗೆ ಹಾರುವುದರಿಂದ ಗಾಜಿನ ಸೀಸೆಯನ್ನು ಒಂದು ಗುಳ್ಳೆಯೂ ಉಳಿಯದಂತೆ ಕಂಠಪೂರ್ತಿ ತುಂಬಬೇಕು, ಉಳಿದ ಕ್ಲೋರಿನ್ನನ್ನು ಸೋಡಿಯಂ ಥಯೋಸಲ್ಫೇಟ್ ಹಾಕಿ ಅಡಗಿಸಬೇಕು. ನೀರು ಪೈಪಿನಲ್ಲಿ ನಿಂತಷ್ಟೂ ಟ್ರೈಹ್ಯಾಲೊಮೀಥೇನ್‌ಗಳು ಹೆಚ್ಚುತ್ತವೆ. ಹಾಗಾಗಿ ಶುದ್ಧೀಕರಣ ಘಟಕದ ಬಾಗಿಲಲ್ಲಿ ಹಿಡಿದ ಮಾದರಿ ಸಾಲದು, ಕೊನೆಯ ಬೀದಿಯ ನಲ್ಲಿಯದೂ ಬೇಕು.

ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆನೀರು ಎರಡನೇ ಹಂತದವರೆಗೆ ಸಂಸ್ಕರಣೆಗೊಂಡು ಈ ಜಿಲ್ಲೆಯ ಕೆರೆಗಳಿಗೆ ಬರುತ್ತದೆ. ಅದು ಅಂತರ್ಜಲ ಮರುಪೂರಣಕ್ಕೆ, ಕುಡಿಯಲಿಕ್ಕಲ್ಲ. ಆದರೂ ಕೆರೆಯ ಪಕ್ಕದ ಬಾವಿಯ ನೀರು ಮನೆಗೆ ಹೋಗುವಲ್ಲಿ ಎಚ್ಚರ ಬೇಕು: ಅಮೋನಿಯಾ ಉಳಿದ ಕೊಳಚೆನೀರಿಗೆ ಕ್ಲೋರಿನ್ ಸೇರಿದರೆ ಕ್ಲೋರಮಿನ್, ಅದರಿಂದ ಎನ್‌ಡಿಎಂಎ ಎಂಬ ನೈಟ್ರೋಸಮೀನ್ ಉಂಟಾಗಬಹುದು. ಇದು ಅದೇ ಕ್ಯಾನ್ಸರ್ ಸಂಸ್ಥೆಯ 2ಎ ಗುಂಪಿನದು, ಅಂದರೆ ಕ್ಯಾನ್ಸರ್ ತರುವುದಕ್ಕೆ ಪುರಾವೆ 2ಬಿಗಿಂತ ಗಟ್ಟಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 0.0001 ಮಿಲಿಗ್ರಾಂ. ಮೂರನೇ ಹಂತದ ಸಂಸ್ಕರಣೆ ಬೇಕೆಂಬ ಜಿಲ್ಲೆಯ ಹೋರಾಟಗಾರರ ಒತ್ತಾಯವನ್ನು ಇದೊಂದೇ ಕಾರಣಕ್ಕಾದರೂ ಒಪ್ಪಬೇಕು.

ಹಾಗೆಂದು ಕ್ಲೋರಿನ್ ನಿಲ್ಲಿಸುವಂತಿಲ್ಲ. ಕಾಲರಾ, ಟೈಫಾಯಿಡ್ ಅಂದೇ ಮರಳುತ್ತವೆ. ಆಲಮ್ ಹಾಕಿ, ಕೆಸರು ಇಳಿಸಿ, ಸೋಸಿದ ಮೇಲೆ ಕ್ಲೋರಿನ್ ಬೆರೆಸಿದರೆ ಟ್ರೈಹ್ಯಾಲೊಮೀಥೇನ್‌ಗಳು ಬಹಳಷ್ಟು ತಗ್ಗುತ್ತವೆ. ನಗರಸಭೆಗಳು ಏಪ್ರಿಲ್–ಮೇ ತಿಂಗಳಲ್ಲಿ ಕೊನೆಯ ನಲ್ಲಿಯ ನೀರಿನಲ್ಲಿ ಇವುಗಳ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಕಚೇರಿಯ ಫಲಕದಲ್ಲಿ ಹಾಕಲಿ.