ಟೇಯಾ ಫಾನ್ ಹಾರ್ಬೂ (1888–1954)

ಜರ್ಮನ್ ಕಾದಂಬರಿಗಾರ್ತಿ, ಚಿತ್ರಕಥೆಗಾರ್ತಿ. ಮೂಕಿ ಚಿತ್ರಗಳ ಕಾಲದಲ್ಲಿ ಜರ್ಮನ್ ಸಿನಿಮಾಕ್ಕೆ ಕಥೆಯ ಬಲ ತಂದುಕೊಟ್ಟವರಲ್ಲಿ ಪ್ರಮುಖರು. ಆದರೂ ನಿರ್ದೇಶಕ ಫ್ರಿಟ್ಸ್ ಲಾಂಗ್‌ರ ಹೆಂಡತಿಯೆಂದೇ ಹೆಚ್ಚು ಪರಿಚಿತರು.

ಬವೇರಿಯದ ಹೋಫ್ ಪಟ್ಟಣದ ಸಮೀಪದ ಟಾವ್‌ಪರ್ಲಿಟ್ಸ್‌ನಲ್ಲಿ 1888ರ ಡಿಸೆಂಬರ್ 27ರಂದು ಶ್ರೀಮಂತಿಕೆ ಕರಗಿದ್ದ ಕುಲೀನ ಮನೆತನದಲ್ಲಿ ಹುಟ್ಟಿದರು. ಮೊದಲು ರಂಗನಟಿಯಾಗಿ ಊರೂರು ಸುತ್ತಿದರು. ಜೊತೆಗೇ ಬರವಣಿಗೆಯೂ ನಡೆದಿತ್ತು. 1914ರಲ್ಲಿ ನಟ ರುಡಾಲ್ಫ್ ಕ್ಲೈನ್-ರೊಗ್ಗೆಯವರನ್ನು ಮದುವೆಯಾದರು. ಮೊದಲ ಮಹಾಯುದ್ಧದ ಹೊತ್ತಿಗೆ ಬರೆದ ದೇಶಾಭಿಮಾನದ ಪುಸ್ತಕಗಳನ್ನು ಇಂದು ಯಾರೂ ಓದುವುದಿಲ್ಲ.

ಹೆಸರು ತಂದದ್ದು 1918ರ ‘ಭಾರತದ ಸಮಾಧಿ’ ಎಂಬ ಕಾದಂಬರಿ. ತನಗೆ ದ್ರೋಹ ಬಗೆದ ಮಡದಿ ಇನ್ನೂ ಬದುಕಿರುವಾಗಲೇ ಅವಳಿಗೆ ಸಮಾಧಿ ಕಟ್ಟಲು ಯುರೋಪಿನ ವಾಸ್ತುಶಿಲ್ಪಿಯನ್ನು ಕರೆಸಿಕೊಳ್ಳುವ ಮಹಾರಾಜನ ಕಥೆ ಅದು. ಇಲ್ಲಿನ ಭಾರತ ಯೋಗಿ, ಹುಲಿ, ಅರಮನೆಗಳ ಭಾರತ. ನಮ್ಮ ಓದುಗರಿಗೆ ನಗು ಬಂದರೆ ತಪ್ಪಿಲ್ಲ. ಇದನ್ನು ತಾವೇ ನಿರ್ದೇಶಿಸುವ ಆಸೆ ಲಾಂಗ್‌ರಿಗಿತ್ತು. ಆದರೆ ನಿರ್ಮಾಪಕ ಯೋ ಮೈ ಅದನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡು 1921ರಲ್ಲಿ ತೆರೆಗೆ ತಂದರು. ಹಾರ್ಬೂ ಮತ್ತು ಲಾಂಗ್ 1922ರಲ್ಲಿ ಮದುವೆಯಾದರು.

ಮುಂದಿನ ಹತ್ತು ವರ್ಷ ಇವರ ಬಾಳಿನ ಸುಗ್ಗಿ. ‘ಡಾಕ್ಟರ್ ಮಬೂಸೆ’ (1922), ‘ನೀಬೆಲುಂಗನ್’ (1924), ‘ಮೆಟ್ರೊಪೊಲಿಸ್’ (1927), ‘ಚಂದ್ರನಲ್ಲೊಬ್ಬ ಹೆಂಗಸು’ (1929), ‘ಎಂ’ (1931): ಲಾಂಗ್‌ರ ಕೀರ್ತಿ ನಿಂತಿರುವ ಈ ಚಿತ್ರಗಳ ಬರವಣಿಗೆಯಲ್ಲೆಲ್ಲ ಹಾರ್ಬೂ ಇದ್ದಾರೆ. ಮುರ್ನಾವ್, ಡ್ರೈಯರ್‌ರಂಥ ನಿರ್ದೇಶಕರಿಗೂ ಬರೆದುಕೊಟ್ಟರು. ‘ಮೆಟ್ರೊಪೊಲಿಸ್’ ಅವರದೇ ಕಾದಂಬರಿಯೂ ಹೌದು. ನೆಲದಡಿ ದುಡಿಯುವವರು, ಮೇಲೆ ಆಳುವವರು, ನಡುವೆ ಸಂಧಾನಕ್ಕೆ ಹೃದಯ ಬೇಕೆಂಬ ಅದರ ತೀರ್ಮಾನ ತೀರಾ ಎಳಸು. ಲಾಂಗ್‌ರೇ ಮುಂದೆ ಅದನ್ನು ಒಪ್ಪಲಿಲ್ಲ. ಆದರೆ ಹೆಣ್ಣಿನ ರೂಪ ತಳೆದ ಯಂತ್ರಮಾನವಿಯನ್ನು ಲೋಕ ಮರೆತಿಲ್ಲ. ಚಿತ್ರ 2001ರಲ್ಲಿ ಯುನೆಸ್ಕೊದ ವಿಶ್ವಸ್ಮೃತಿ ಪಟ್ಟಿಗೆ ಸೇರಿತು.

1933ರಲ್ಲಿ ವಿಚ್ಛೇದನವಾಯಿತು. ಅಷ್ಟರಲ್ಲಿ ಬರ್ಲಿನ್‌ನಲ್ಲಿದ್ದ ಬೆಳಗಾವಿ ಕಡೆಯ ಪತ್ರಕರ್ತ ಆಯಿ ತೆಂಡೂಲ್ಕರ್‌ರ ಒಡನಾಟ ಬೆಳೆದಿತ್ತು. ವಯಸ್ಸಿನಲ್ಲಿ ಬಹಳ ಕಿರಿಯರಾದ ಅವರನ್ನು ಹಾರ್ಬೂ ಗುಟ್ಟಾಗಿ ಮದುವೆಯಾದರು. ಎರಡನೆಯ ಮಹಾಯುದ್ಧಕ್ಕೆ ಮುನ್ನ ತೆಂಡೂಲ್ಕರ್ ಭಾರತಕ್ಕೆ ಮರಳಿದರು.

ಲಾಂಗ್ ದೇಶ ಬಿಟ್ಟರು, ಹಾರ್ಬೂ ಉಳಿದರು. ನಾತ್ಸಿ ಪಕ್ಷದ ಸದಸ್ಯರೂ ಆದರು. ಎರಡು ಚಿತ್ರಗಳನ್ನು ನಿರ್ದೇಶಿಸಿದರು, ಆಳುವವರಿಗೆ ಹಿಡಿಸಿದ ‘ದೊರೆ’ (1937) ಮೊದಲಾದವಕ್ಕೆ ಕಥೆ ಬರೆದರು. ಜರ್ಮನಿಯಲ್ಲಿದ್ದ ಭಾರತೀಯರಿಗೆ ನೆರವಾಗಲೆಂದು ಪಕ್ಷ ಸೇರಿದೆನೆಂದು ಯುದ್ಧದ ನಂತರ ಸಮಜಾಯಿಷಿ ಕೊಟ್ಟರು. ಭಾರತೀಯರಿಗೆ ನೆರವಾದದ್ದು ನಿಜವಿರಬಹುದು. ಆ ಆಡಳಿತದಡಿ ವರ್ಷಗಟ್ಟಲೆ ಕೆಲಸ ಮಾಡಿದ್ದಕ್ಕೆ ಅದು ಉತ್ತರವಾಗದು. 1945ರಲ್ಲಿ ಬ್ರಿಟಿಷರು ಇವರನ್ನು ಶಿಬಿರದಲ್ಲಿ ಕೂಡಿಹಾಕಿದರು. ಬಿಡುಗಡೆಯಾದ ಮೇಲೆ ಬರ್ಲಿನ್‌ನ ಬಾಂಬ್ ದಾಳಿಯ ಅವಶೇಷ ಎತ್ತುವ ಕೂಲಿಯನ್ನೂ ಮಾಡಿದರು.

1954ರಲ್ಲಿ ಬರ್ಲಿನ್‌ನಲ್ಲಿ ತಮ್ಮ ಹಳೆಯ ಚಿತ್ರದ ಪ್ರದರ್ಶನ ಮುಗಿಸಿ ಹೊರಬರುವಾಗ ಬಿದ್ದು ಗಾಯಗೊಂಡು, ಜುಲೈ 1ರಂದು ತೀರಿಕೊಂಡರು. ಲಾಂಗ್ ಜರ್ಮನಿಗೆ ಹಿಂದಿರುಗಿ 1959ರಲ್ಲಿ ಎರಡು ಭಾಗಗಳ ಚಿತ್ರ ಮಾಡಿದಾಗ ಆರಿಸಿಕೊಂಡದ್ದು ಹಾರ್ಬೂರ ‘ಭಾರತದ ಸಮಾಧಿ’ಯನ್ನೇ, ಅದರ ಒಂದಷ್ಟು ಚಿತ್ರೀಕರಣ ಉದಯಪುರದಲ್ಲಿ ನಡೆಯಿತು.