ಒಂದು ಶಾಲೆ, ಒಂದು ಕಾಯ್ದೆ

ಅಮೆರಿಕದ ಕನೆಕ್ಟಿಕಟ್ ರಾಜ್ಯ 1784ರಲ್ಲೇ ಗುಲಾಮಗಿರಿಯನ್ನು ಹಂತಹಂತವಾಗಿ ತೊಡೆದುಹಾಕುವ ಕಾನೂನು ಮಾಡಿತ್ತು. ಆದರೆ ಬಿಡುಗಡೆ ಪಡೆದವರು ಸಮಾನರೂ ಆಗುವರೇ? ಈ ಪ್ರಶ್ನೆಯನ್ನು ಎತ್ತಿದ್ದು ಅಲ್ಲಿನ ಕ್ಯಾಂಟರ್ಬರಿ ಎಂಬ ಪುಟ್ಟ ಊರಿನ ಖಾಸಗಿ ಶಾಲೆ.

1831ರಲ್ಲಿ ಊರ ಗಣ್ಯರ ಬೆಂಬಲದಿಂದ ಪ್ರುಡೆನ್ಸ್ ಕ್ರ್ಯಾಂಡಲ್ ಎಂಬ ಶಿಕ್ಷಕಿ ಅಲ್ಲಿ ಹೆಣ್ಣುಮಕ್ಕಳ ವಸತಿಶಾಲೆ ತೆರೆದರು. ಅನುಕೂಲಸ್ಥರ ಮಕ್ಕಳು ಸೇರಿದರು, ಹೆಸರೂ ಬಂತು. ಮರುವರ್ಷ ಸಾರಾ ಹ್ಯಾರಿಸ್ ಎಂಬ ಕಪ್ಪು ಜನಾಂಗದ ಯುವತಿ ಪ್ರವೇಶ ಕೇಳಿದಳು. ಕಲಿತು ತನ್ನ ಜನರಿಗೆ ಪಾಠ ಹೇಳಬೇಕೆಂಬುದು ಅವಳ ಆಸೆ. ಕ್ರ್ಯಾಂಡಲ್ ಒಪ್ಪಿದರು.

ಯಾರನ್ನು ಸೇರಿಸಿಕೊಳ್ಳಬೇಕೆಂಬುದು ಖಾಸಗಿ ಶಾಲೆಯ ಇಷ್ಟ. ಆದರೆ ಅದು ನಡೆಯುವುದು ಶುಲ್ಕದ ಹಣದಿಂದ. ಬಿಳಿಯ ಪಾಲಕರು ಮಕ್ಕಳನ್ನು ಬಿಡಿಸಿಕೊಂಡರೆ ಆಕೆ ಮಣಿಯುವರೆಂದು ಊರು ಎಣಿಸಿತು. ಎಣಿಕೆ ತಪ್ಪಿತು. 1833ರ ಏಪ್ರಿಲ್‌ನಲ್ಲಿ ಆಕೆ ಕಪ್ಪು ಹೆಣ್ಣುಮಕ್ಕಳಿಗಾಗಿಯೇ ಶಾಲೆಯನ್ನು ಮತ್ತೆ ತೆರೆದರು. ಬಾಸ್ಟನ್, ನ್ಯೂಯಾರ್ಕ್‌ಗಳಿಂದಲೂ ವಿದ್ಯಾರ್ಥಿನಿಯರು ಬಂದರು.

ಅಂಗಡಿಯವರು ಸಾಮಾನು ಕೊಡಲಿಲ್ಲ. ಶಾಲೆಯ ಬಾವಿಗೆ ಸಗಣಿ ಬಿತ್ತು. ಮೇ ತಿಂಗಳಲ್ಲಿ ಶಾಸನಸಭೆಯೇ ಕಾಯ್ದೆ ಮಾಡಿತು: ಹೊರರಾಜ್ಯದ ಕಪ್ಪು ವಿದ್ಯಾರ್ಥಿಗಳಿಗೆ ಶಾಲೆ ನಡೆಸಲು ಊರಾಡಳಿತದ ಲಿಖಿತ ಒಪ್ಪಿಗೆ ಬೇಕು. ಜೂನ್‌ನಲ್ಲಿ ಕ್ರ್ಯಾಂಡಲ್ ಬಂಧಿತರಾಗಿ ಒಂದು ರಾತ್ರಿ ಜೈಲಿನಲ್ಲಿ ಕಳೆದರು.

ಒಂದು ರಾಜ್ಯದ ಪ್ರಜೆಗಿರುವ ಹಕ್ಕುಗಳು ಇನ್ನೊಂದು ರಾಜ್ಯದಲ್ಲೂ ಸಲ್ಲಬೇಕೆಂದು ಸಂವಿಧಾನ ಹೇಳುತ್ತದೆ, ಆದ್ದರಿಂದ ಈ ಕಾಯ್ದೆ ಅಸಿಂಧು ಎಂಬುದು ಆಕೆಯ ವಕೀಲರ ವಾದ. ಮೊದಲ ವಿಚಾರಣೆಯಲ್ಲಿ ಜ್ಯೂರಿಗೆ ಒಮ್ಮತ ಮೂಡಲಿಲ್ಲ. ಎರಡನೆಯದರಲ್ಲಿ ನ್ಯಾಯಾಧೀಶ ಡೇವಿಡ್ ಡ್ಯಾಗೆಟ್, ಕಪ್ಪು ಜನರು ಸಂವಿಧಾನದ ಅರ್ಥದಲ್ಲಿ ಪ್ರಜೆಗಳೇ ಅಲ್ಲ ಎಂದರು. ಶಿಕ್ಷಕಿ ತಪ್ಪಿತಸ್ಥೆ ಎಂದು ತೀರ್ಪಾಯಿತು. 1834ರ ಜುಲೈನಲ್ಲಿ ಮೇಲಿನ ನ್ಯಾಯಾಲಯ ತಾಂತ್ರಿಕ ದೋಷದ ಕಾರಣದಿಂದ ಅದನ್ನು ರದ್ದುಮಾಡಿತಾದರೂ ಮೂಲ ಪ್ರಶ್ನೆಯನ್ನು ಮುಟ್ಟಲಿಲ್ಲ.

ಸೆಪ್ಟೆಂಬರ್ 9ರ ರಾತ್ರಿ ದೊಂಬಿಯೊಂದು ಶಾಲೆಗೆ ನುಗ್ಗಿ ಕಿಟಕಿಗಳನ್ನು ಪುಡಿಮಾಡಿತು. ಮಕ್ಕಳ ಜೀವಕ್ಕೆ ಅಂಜಿ ಕ್ರ್ಯಾಂಡಲ್ ಶಾಲೆಯನ್ನು ಮುಚ್ಚಿದರು.

ಕಾಯ್ದೆ 1838ರಲ್ಲಿ ರದ್ದಾಯಿತು. ಡ್ಯಾಗೆಟ್‌ರ ಮಾತು ಮಾತ್ರ ಉಳಿಯಿತು. 1857ರ ಡ್ರೆಡ್ ಸ್ಕಾಟ್ ಮೊಕದ್ದಮೆಯಲ್ಲಿ ಕಪ್ಪು ಜನರಿಗೆ ಪೌರತ್ವ ನಿರಾಕರಿಸುವಾಗ ಸುಪ್ರೀಂ ಕೋರ್ಟ್ ಇದೇ ಪ್ರಕರಣವನ್ನು ಉಲ್ಲೇಖಿಸಿತು. ಅಂತರ್ಯುದ್ಧ ಮುಗಿದ ಮೇಲೆ, 1868ರ ಹದಿನಾಲ್ಕನೇ ತಿದ್ದುಪಡಿಯೇ ಅದನ್ನು ಅಳಿಸಬೇಕಾಯಿತು.

1886ರಲ್ಲಿ ಕನೆಕ್ಟಿಕಟ್, 82ರ ವೃದ್ಧೆ ಕ್ರ್ಯಾಂಡಲ್‌ಗೆ ವರ್ಷಕ್ಕೆ 400 ಡಾಲರ್ ಪಿಂಚಣಿ ಮಂಜೂರು ಮಾಡಿತು. ಶಾಲೆ ನಡೆದದ್ದು ಮೂರೇ ವರ್ಷ. ಅದು ಎತ್ತಿದ ಪ್ರಶ್ನೆಗೆ ಉತ್ತರ ಬರೆಯಲು ಒಂದು ದೇಶಕ್ಕೆ ಹಿಡಿದದ್ದು ಮೂರೂವರೆ ದಶಕ.