ಬಾವಿಗೆ ವಿಷ ಹಾಕಿದ್ದಾರಂತೆ!

'ಅಂತೆ' ಅನ್ನೋ ಎರಡಕ್ಷರಕ್ಕೆ ಎಷ್ಟು ಜೀವ ತೆಗೆಯುವ ಶಕ್ತಿ ಇದೆ? ೧೯೨೩ರ ಜಪಾನಿನ ಕಥೆ ಓದಿದ ಮೇಲೆ ಈ ಪ್ರಶ್ನೆ ತಲೆಯಿಂದ ಹೋಗ್ತಾನೇ ಇಲ್ಲ.

ಸೆಪ್ಟೆಂಬರ್ ೧, ಮಧ್ಯಾಹ್ನ ೧೧:೫೮. ಟೋಕಿಯೋ, ಯೊಕೊಹಾಮಾಗಳಲ್ಲಿ ಒಲೆ ಮೇಲೆ ಅಡುಗೆ ಬೇಯುತ್ತಿದ್ದ ಹೊತ್ತು. ೭.೯ ತೀವ್ರತೆಯ ಭೂಕಂಪ. ಮರದ ಮನೆಗಳು ಕುಸಿದು ಒಲೆಯ ಬೆಂಕಿ ಊರಿಗೇ ಹತ್ತಿಕೊಂಡಿತು. ಸತ್ತವರು ಒಂದು ಲಕ್ಷಕ್ಕೂ ಹೆಚ್ಚು. ಟೆಲಿಫೋನು, ಟೆಲಿಗ್ರಾಫ್ ತಂತಿಗಳು ಕಡಿದುಹೋದವು. ಬಹುತೇಕ ಪತ್ರಿಕಾ ಕಚೇರಿಗಳು ಸುಟ್ಟುಹೋದವು. ಜಪಾನಿನಲ್ಲಿ ಆಗಿನ್ನೂ ರೇಡಿಯೋ ಪ್ರಸಾರವೇ ಶುರುವಾಗಿರಲಿಲ್ಲ. ನಮ್ಮ ಐಟಿ ಭಾಷೆಯಲ್ಲಿ ಹೇಳೋದಾದ್ರೆ, ಎಲ್ಲ ಸರ್ವರ್‌ಗಳೂ ಒಟ್ಟಿಗೇ ಡೌನ್!

ಆ ಖಾಲಿ ಜಾಗಕ್ಕೆ ನುಗ್ಗಿದ್ದು ಗಾಳಿಸುದ್ದಿ. ಕೊರಿಯನ್ನರು ಬೆಂಕಿ ಹಚ್ಚುತ್ತಿದ್ದಾರಂತೆ, ಬಾವಿಗೆ ವಿಷ ಹಾಕಿದ್ದಾರಂತೆ.. ಕೊರಿಯಾ ಆಗ ಜಪಾನಿನ ವಸಾಹತು. ಅಲ್ಲಿಂದ ಕೂಲಿಗೆ ಬಂದವರ ಮೇಲೆ ಮೊದಲೇ ಅನುಮಾನವಿತ್ತು.

ಇಲ್ಲಿಂದ ಮುಂದಿನದ್ದು ನನಗೆ ಇನ್ನೂ ಭಯಾನಕ ಅನ್ನಿಸಿದ್ದು. ಸೆಪ್ಟೆಂಬರ್ ೩ರಂದು ಗೃಹ ಇಲಾಖೆಯ ಪೊಲೀಸ್ ಮುಖ್ಯಸ್ಥರೇ ಇದನ್ನು ನಿಜವೆಂಬಂತೆ ಫುನಾಬಾಶಿಯ ನೌಕಾಪಡೆ ವೈರ್‌ಲೆಸ್ ಕೇಂದ್ರದಿಂದ ಎಲ್ಲ ಪ್ರಾಂತ್ಯಗಳಿಗೆ ಕಳಿಸಿದರು. ಬೀದಿಯ ಮಾತು ಸರ್ಕಾರದ ಮುದ್ರೆ ಹಾಕಿಸಿಕೊಂಡು ವಾಪಸ್ ಬೀದಿಗೆ ಬಂತು. ಜನ 'ನೋಡಿ, ಸರ್ಕಾರವೂ ಅದನ್ನೇ ಹೇಳ್ತಿದೆ' ಅಂದುಕೊಂಡರೆ ತಪ್ಪೇನು ಹೇಳಿ?

ಬೀದಿಬೀದಿಯಲ್ಲಿ ಕಾವಲು ಪಡೆಗಳು ಹುಟ್ಟಿಕೊಂಡವು. ದಾರಿಹೋಕರನ್ನು ತಡೆದು 'ಹದಿನೈದು ಯೆನ್ ಐವತ್ತು ಸೆನ್' ಅಂತ ಜಪಾನಿಯಲ್ಲಿ ಹೇಳಿಸುತ್ತಿದ್ದರು. ಉಚ್ಚಾರಣೆ ತಪ್ಪಿದರೆ ಸಾವು! ಸಾವಿರಾರು ಕೊರಿಯನ್ನರು ಹೀಗೆ ಕೊಲೆಯಾದರು. ಸೆಪ್ಟೆಂಬರ್ ೬ರಂದು ಫುಕುದಾ ಹಳ್ಳಿಯಲ್ಲಿ ಕಾಗಾವಾ ಕಡೆಯಿಂದ ಬಂದ ಔಷಧಿ ಮಾರುವವರ ಗುಂಪಿನ ಒಂಬತ್ತು ಜನರನ್ನು, ಮಕ್ಕಳನ್ನೂ ಬಿಡದೆ, ಕೊಂದರು. ಅವರು ಜಪಾನೀಯರೇ. ಮಾತಿನ ಧಾಟಿ ಮಾತ್ರ ಬೇರೆ ಇತ್ತು, ಅಷ್ಟೇ. ಧಾರವಾಡದವರ ಮಾತು ಕೇಳಿ ಮಂಡ್ಯದಲ್ಲಿ ಅನುಮಾನಪಟ್ಟ ಹಾಗೆ.

ಯೊಕೊಹಾಮಾದ ತ್ಸುರುಮಿ ಠಾಣೆಯ ಮುಖ್ಯಸ್ಥ ಓಕಾವಾ ಮಾತ್ರ ಬೇರೆ ದಾರಿ ಹಿಡಿದರು. ಸುಮಾರು ಮುನ್ನೂರು ಕೊರಿಯನ್ನರಿಗೆ ಠಾಣೆಯಲ್ಲೇ ಆಶ್ರಯ ಕೊಟ್ಟು, ಸುತ್ತುವರಿದ ಗುಂಪಿಗೆ ಎದುರು ನಿಂತರು.

೧೯೨೫ರ ಮಾರ್ಚ್ ೨೨ರಂದು ಟೋಕಿಯೋದಲ್ಲಿ ರೇಡಿಯೋ ಪ್ರಸಾರ ಶುರುವಾಯಿತು. ಅದರ ಅವಸರಕ್ಕೆ ಈ ಭೂಕಂಪವೂ ಒಂದು ಕಾರಣ. ಇಂದು ಎನ್‌ಎಚ್‌ಕೆ ತುರ್ತು ಸುದ್ದಿ ಕೊಡೋದು ಕಾನೂನಿನ ಪ್ರಕಾರವೇ ಅದರ ಹೊಣೆ. ಆದರೂ ೨೦೧೬ರ ಕುಮಾಮೊತೊ ಭೂಕಂಪದಲ್ಲಿ ಅದೇ 'ಬಾವಿಗೆ ವಿಷ' ಟ್ವಿಟರ್‌ನಲ್ಲಿ ಕಾಣಿಸಿಕೊಂಡಿತು!

ದೂರದ ಕಥೆ ಅನ್ನಬೇಡಿ. ೨೦೧೨ರ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನಿಂದಲೇ ಈಶಾನ್ಯ ರಾಜ್ಯಗಳ ಸಾವಿರಾರು ಜನ, ಹಲ್ಲೆಯಾಗುತ್ತದೆ ಅನ್ನೋ ವದಂತಿಗೆ ಹೆದರಿ ಗುವಾಹಟಿ ರೈಲು ಹತ್ತಿದರು. ಕೇಂದ್ರ ಸರ್ಕಾರ ದಿನಕ್ಕೆ ಐದೇ ಎಸ್ಸೆಮ್ಮೆಸ್ ಅಂತ ಮಿತಿ ಹಾಕಿತ್ತು, ನೆನಪಿದೆಯಾ?

ಹಾಗಾಗಿ ಸುದ್ದಿ 'ಯಾರು ಹೇಳಿದರು' ಅಂತ ಕೇಳಿದರೆ ಸಾಲದು, 'ಅವರಿಗೆ ಹೇಗೆ ಗೊತ್ತಾಯಿತು' ಅಂತಲೂ ಕೇಳಬೇಕು ಅನ್ನಿಸುತ್ತೆ. ೧೯೨೩ರಲ್ಲಿ ಆ ತಂತಿ ಓದಿದ ಒಬ್ಬ ಅಧಿಕಾರಿ ಹಾಗೆ ಕೇಳಿದ್ದರೂ ಒಂದಷ್ಟು ಜನ ಬದುಕುತ್ತಿದ್ದರೇನೋ.. ನೀವೇನಂತೀರಿ?